ಜೋಡಿ ಕುದುರೆಗೆ ಮೂರನೆಯವ

ಹುಬ್ಬಳ್ಳಿ, ಧಾರವಾಡ ಎರಡೂ ಊರು ಕೂಡಿಸಿ ನೋಡಿದರೂ ಕುದುರೆಯ ಸುಳಿ ಬಲ್ಲವರು ಇಬ್ಬರೇ ಇಬ್ಬರು. ಒಬ್ಬ ನಾನು. ಇನ್ನೊಬ್ಬ ಎಲ್ಲಿದ್ದಾನೆಂದು ನಾನೂ ಹುಡುಕುತ್ತಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ನನ್ನ ಸ್ವಭಾವದಲ್ಲೇ ಇಲ್ಲ. ಜಂಬವಿಲ್ಲದಿರುವುದರಲ್ಲಿ ನನ್ನನ್ನು ಮೀರಿಸುವ ಮನುಷ್ಯ ಇಡೀ ಮುಂಬಯಿ ಇಲಾಖೆಯಲ್ಲಿ ಇನ್ನೂ ಹುಟ್ಟಿಲ್ಲ.

ಸುಳಿ ಅಂದರೆ ಮೈಮೇಲಿನ ಕೂದಲು ಒಂದು ಕಡೆ ಚಕ್ರದ ಹಾಗೆ ತಿರುಗಿ ನಿಲ್ಲುತ್ತದಲ್ಲ, ಅದು. ಕುದುರೆ ಕೊಳ್ಳುವವರು ಹಲ್ಲು ನೋಡುವ ಮೊದಲು ಸುಳಿ ನೋಡುತ್ತಾರೆ. ಎದೆಯ ಸುಳಿಗೆ ಒಂದು ಫಲ, ಬೆನ್ನಿನ ಸುಳಿಗೆ ಒಂದು ಫಲ, ಹಣೆಯ ಸುಳಿಗಂತೂ ಊರಿಗೊಂದು ಫಲ. ಯಾವುದಕ್ಕೆ ಯಾವ ಫಲ ಎಂಬುದು ಈ ಕತೆ ನಡೆದ ದಿನದವರೆಗೆ ನನಗೂ ಗೊತ್ತಿರಲಿಲ್ಲ. ಆದರೆ ಕೆಲವರು ಓದಿ ಕಲಿಯುತ್ತಾರೆ, ಕೆಲವರು ನೋಡಿ ಕಲಿಯುತ್ತಾರೆ. ನಾನು ಮಾತಾಡುತ್ತ ಮಾತಾಡುತ್ತಲೇ ಕಲಿತುಬಿಡುವವ.

ಆಗ ನಾನು ಹುಬ್ಬಳ್ಳಿಯ ಸೋಮಪ್ಪ ಸಾವಕಾರರ ಅರಳೆ ಅಂಗಡಿಯಲ್ಲಿ ಗುಮಾಸ್ತ. ಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಇಳಿದು, ಸಾವಕಾರರ ಮೋಟಾರು ಅಂಗಳದ ಛಪ್ಪರದ ಕೆಳಗೆ ನಾಲ್ಕು ಇಟ್ಟಿಗೆ ಗುಡ್ಡೆಗಳ ಮೇಲೆ ನಿಂತಿತ್ತು. ಆದರೂ ಸಾವಕಾರರು ದಿನಾ ಸಂಜೆ ಕೋಟು ಹಾಕಿಕೊಂಡು ಅದರ ಹಿಂದಿನ ಸೀಟಿನಲ್ಲಿ ಅರ್ಧ ತಾಸು ಕೂತು, ಎಲ್ಲಿಗೂ ಹೋಗದೆ ಇಳಿದು ಬರುತ್ತಿದ್ದರು. ಇಳಿಯುವಾಗ ಬಾಗಿಲನ್ನು ಜೋರಾಗಿ ಬಡಿಯುತ್ತಿದ್ದರು. ಓಣಿಯವರಿಗೆ ಮೋಟಾರು ಇದೆ ಎನ್ನುವುದು ಮರೆಯಬಾರದಲ್ಲ!

ಅವರ ಹೆಂಡತಿ ಈರವ್ವನವರಿಗೆ ಮಾತ್ರ ಬಾಗಿಲಿನ ಸದ್ದೊಂದೇ ಸಾಲದಾಯಿತು. ಮಗಳು ಮುತ್ತವ್ವನನ್ನು ಆ ವರ್ಷವೇ ಧಾರವಾಡಕ್ಕೆ ಕೊಟ್ಟಿದ್ದರು. ಬೀಗರ ಮನೆಯಲ್ಲಿ ಎರಡು ಕುದುರೆ ಕಟ್ಟುವ ಸಾರೋಟು. ಶ್ರಾವಣದ ಪಂಚಮಿಗೆ ಮಗಳನ್ನು ತವರಿಗೆ ಕರೆತರಬೇಕು. ಅದೂ ಮೊದಲ ಪಂಚಮಿ.

“ನನ್ನ ಮಗಳು ಬೀಗರ ಗಾಡ್ಯಾಗ ಬಂದ್ಲಂದ್ರ ನಾ ಯಾರಿಗೆ ಮಾರಿ ತೋರಸ್ಲಿ? ನಮ್ಮ ಸಾರೋಟ ಬೇಕು, ನಮ್ಮ ಜೋಡಿ ಕುದರಿ ಬೇಕು,” ಎಂದು ಈರವ್ವನವರು ಹಟ ಹಿಡಿದರು. ಜೋಡಿ ಕುದುರೆಯ ಸಾರೋಟು ಬರುತ್ತದೆಂದು ಧಾರವಾಡಕ್ಕೆ ಕಾಗದವನ್ನೂ ಬರೆಸಿಬಿಟ್ಟರು.

ಹಳೆಯದೊಂದು ಸಾರೋಟು ಸಿಕ್ಕಿತು. ಕಾರ ಹುಣ್ಣಿಮೆಯ ಮರುದಿನ ಕುದುರೆ ವ್ಯಾಪಾರಿ ಎರಡು ಕುದುರೆ ಹೊಡೆದುಕೊಂಡು ಬಂದ. ಒಂದು ಕೆಂಚು, ಕೆಂಚ್ಯಾ. ಇನ್ನೊಂದು ಕಪ್ಪು, ಕರ್ಯಾ. ಕುದುರೆಗೆ ಲಾಳ ಬಡಿಯುವ ದಸ್ತಗೀರಸಾಬ ಎಂಟು ಕಾಲುಗಳನ್ನೂ ಎತ್ತಿ ನೋಡಿ, “ಜೋಡಿ ಛಲೋ ಐತ್ರಿ,” ಎಂದ. ವ್ಯಾಪಾರಿಯೂ ಸಾವಕಾರರೂ ರುಮಾಲಿನ ಕೆಳಗೆ ಕೈಗೆ ಕೈ ಕೂಡಿಸಿ ಬೆರಳು ಹಿಡಿದು ಬೆಲೆಯ ಮಾತು ಮುಗಿಸಿದರು. ರುಮಾಲಿನ ಕೆಳಗೆ ಮುಗಿದ ಮಾತನ್ನು ತಿರುಗಿಸುವ ರೂಢಿ ನಮ್ಮ ಪೇಟೆಯಲ್ಲಿಲ್ಲ. ಎಲ್ಲ ಸುಖವಾಗಿ ಮುಗಿಯಿತು. ಆಮೇಲೆ ಚಹಾ ಬಂತು.

ಅಂಗಳದಲ್ಲಿ ಆರು ಜನರಿದ್ದೆವು. ಒಳಗಿನಿಂದ ಬಂದದ್ದು ಐದು ಕಪ್ಪು.

ಆ ಆರನೆಯವ ಯಾರೆಂದು ನಾನು ಹೇಳಬೇಕಾಗಿಲ್ಲ. ವ್ಯಾಪಾರಿಗೆ ಚಹಾ, ಅವನ ಜೊತೆಗೆ ಬಂದವನಿಗೆ ಚಹಾ, ದಾರಿಯಲ್ಲಿ ಹೋಗುತ್ತಿದ್ದವನು ಕುದುರೆ ನೋಡಲು ನಿಂತಿದ್ದ, ಅವನಿಗೂ ಚಹಾ! ಹತ್ತು ವರ್ಷ ಅಂಗಡಿಯನ್ನು ಈ ಎರಡು ಹೆಗಲ ಮೇಲೆ ಹೊತ್ತವನ ಮುಂದೆ ಬರೀ ಹಬೆ ಹಾದುಹೋಯಿತು. ನಾನು ಕೆಮ್ಮಿದೆ.

“ಸಾವ್ಕಾರ್ರ, ಕುದರಿ ಛಲೋ ಅದಾವು,” ಅಂದೆ. “ಆದ್ರ...”

ಐದೂ ಕಪ್ಪು ಗಾಳಿಯಲ್ಲಿ ನಿಂತವು.

“ಆದ್ರ ಏನ?” ಎಂದರು ಸಾವಕಾರರು.

“ಏನಿಲ್ರಿ. ನೀವು ಚಹಾ ಕುಡೀರಿ.”

“ಏ ಮಡಿವಾಳಪ್ಪ, ಆದ್ರ ಅಂದಾಂವ ಮುಂದಿಂದು ಹೇಳಬೇಕು. ಇಲ್ಲಾಂದ್ರ ಆದ್ರ ಅನಬಾರ್ದು!”

ನಾನು ಕುದುರೆಗಳ ಹಣೆ ನೋಡಿದೆ. ಏನಾದರೂ ಇರಲೇಬೇಕಲ್ಲ! ಇತ್ತು. “ಕೆಂಚ್ಯಾನ ಹಣೀಸುಳಿ ಬಲಕ್ಕ ತಿರಗೇತಿ. ಕರ್ಯಾಂದು ಎಡಕ್ಕ. ಬ್ಯಾರೆ ಬ್ಯಾರೆ ಇದ್ರ ಎರಡೂ ಬಂಗಾರ. ಆದ್ರ ಎರಡೂ ಒಂದ ಸೂರಿನ ಕೆಳಗ ನಿಂತ್ವು ಅಂದ್ರ ಸಾವ್ಕಾರ್ರ, ಮನೀ ಯಜಮಾನ್ರು...”

ಅಷ್ಟು ಹೇಳಿ ಆಕಾಶ ನೋಡಿದೆ.

ಅರ್ಧ ಮಾತಿಗಿರುವ ಬಲ ಪೂರಾ ಮಾತಿಗಿಲ್ಲ. ಯಜಮಾನರಿಗೆ ನೆಗಡಿಯಾಗುತ್ತದೆ ಎಂದಿದ್ದರೆ ಕಷಾಯ ಕುಡಿಯುತ್ತಿದ್ದರು. ಏನಾಗುತ್ತದೆಂದು ನಾನು ಹೇಳಲೇ ಇಲ್ಲ; ಹಾಗಾಗಿ ಸಾವಕಾರರು ತಮಗೆ ಗೊತ್ತಿದ್ದ ಕೇಡುಗಳನ್ನೆಲ್ಲ ತಾವೇ ಅದಕ್ಕೆ ಜೋಡಿಸಿಕೊಂಡರು. ಅವರ ಮುಖದ ಬಣ್ಣ ನೋಡನೋಡುತ್ತ ಅವರ ಅಂಗಡಿಯ ಅರಳೆಗಿಂತ ಬಿಳಿದಾಯಿತು.

“ನಲವತ್ತು ವರ್ಷ ಕುದರಿ ಕಾಲ ಹಿಡದೇನಿ. ಇಂಥಾ ಸುಳಿ ಕೇಳಿಲ್ಲಪಾ,” ಎಂದ ದಸ್ತಗೀರಸಾಬ.

“ಕಾಕಾ, ನೀವು ಹಿಡದದ್ದು ಕಾಲ. ನಾ ಹೇಳೂದು ಹಣಿ.”

ದಸ್ತಗೀರಸಾಬ ಗಡ್ಡದೊಳಗೆ ಒಂದಿಷ್ಟು ನಕ್ಕ. ಆ ನಗೆಯನ್ನು ಅವನು ಐವತ್ತು ದಿನ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆಂದು ನನಗೆ ಆಗ ಹೊಳೆಯಲಿಲ್ಲ.

ವ್ಯಾಪಾರಿ ಹೋದ ಮೇಲೆ ಸಾವಕಾರರು ನನ್ನನ್ನು ಛಪ್ಪರದ ಕಡೆ ಕರೆದರು. ಮೋಟಾರಿನ ಬಾಗಿಲು ತೆರೆದು ನನ್ನನ್ನೂ ಒಳಗೆ ಕೂಡಿಸಿಕೊಂಡರು. ಗಹನವಾದ ಮಾತುಗಳನ್ನೆಲ್ಲ ಅವರು ಅಲ್ಲಿಯೇ ಆಡುವುದು.

“ಒಂದು ಉಣಕಲ್ಲಿಗೆ, ಒಂದು ಸುಳ್ಳಕ್ಕ. ನಡುವ ಇಡೀ ಹುಬ್ಬಳ್ಳಿ ಇರ್ಲಿ,” ಎಂದರು. “ಸುಳಿ ತಿಳದಾಂವ ನೀ ಒಬ್ಬನ. ಎರಡರ ಜ್ವಾಕಿನೂ ನಿಂದ. ದೋಷ ಕಂಡ ಹಿಡದಾಂವಗ ಪರಿಹಾರನೂ ಗೊತ್ತಿರಬೇಕು.”

“ಐತ್ರಿ. ವ್ಯಾಳ್ಯಾ ಬಂದಾಗ ಹೇಳತೇನಿ,” ಅಂದೆ. ನನ್ನ ಬಾಯಿಗೆ ‘ಗೊತ್ತಿಲ್ಲ’ ಎಂಬ ಮಾತು ಅಭ್ಯಾಸವಿಲ್ಲ.

“ಪಂಚಮಿಗೆ ಜೋಡಿ ಧಾರವಾಡಕ್ಕ ಹೋಗಬೇಕು. ಇಲ್ಲಾಂದ್ರ ಈಕಿ ನನ್ನ ಬಿಡಂಗಿಲ್ಲ, ನಾ ನಿನ್ನ ಬಿಡಂಗಿಲ್ಲ. ನಿನ್ನ ಕೋಟ ನಮ್ಮ ಅಂಗಡಿ ಗೂಟದ ಮ್ಯಾಲ ಇರಂಗಿಲ್ಲ, ತಿಳೀತೇನು? ಮತ್ತ, ದೋಷದ ಸುದ್ದಿ ಪೇಟ್ಯಾಗ ಹೊಂಟ್ರ ನನ್ನ ಅರಳಿ ಯಾರೂ ಮುಟ್ಟಂಗಿಲ್ಲ. ನಿನ್ನ ಹೆಂಡ್ತಿ ಮುಂದ ಸುದ್ದಾ ಬಾಯಿ ಬಿಡಬ್ಯಾಡ.”

ಅಷ್ಟರಲ್ಲಿ ಒಳಗಿನಿಂದ ನನ್ನ ಚಹಾ ಬಂತು. ತಣ್ಣಗಾಗಿ, ಮೇಲೆ ಕೆನೆ ಕಟ್ಟಿತ್ತು.

ಕೆಂಚ್ಯಾನನ್ನು ಊರ ಪಡುವಲಿಗೆ ಧಾರವಾಡದ ದಾರಿಯಲ್ಲಿರುವ ಉಣಕಲ್ಲಿನ ರೆಹಮತ್‌ಬಿಯ ಕೊಟ್ಟಿಗೆಯಲ್ಲಿ ಕಟ್ಟಿದೆ. ಎಪ್ಪತ್ತು ದಾಟಿದ ಮುದುಕಿ. ಗಂಡ ಇದ್ದಾಗ ಟಾಂಗಾ ಓಡಿಸುತ್ತಿದ್ದ, ಕೊಟ್ಟಿಗೆ ಖಾಲಿ ಇತ್ತು. ಕರ್ಯಾನನ್ನು ಊರ ಮೂಡಲಿಗೆ ಸುಳ್ಳ ಎಂಬ ಹಳ್ಳಿಯಲ್ಲಿ ಸಾವಕಾರರ ಹೊಲ ನೋಡಿಕೊಳ್ಳುವ ಚನ್ನಯ್ಯನ ವಶಕ್ಕೆ ಕೊಟ್ಟೆ. ಎರಡೂ ಕೊಟ್ಟಿಗೆಯ ಗೋಡೆಗೆ ನನ್ನ ಮುತ್ತಿನಂಥ ಅಕ್ಷರದಲ್ಲಿ ಒಂದೊಂದು ಚೀಟಿ ಅಂಟಿಸಿದೆ: ‘ಹೊತ್ತಿಗೆ ಸರಿಯಾಗಿ ತಿನಿಸತಕ್ಕದ್ದು. ದಿನಕ್ಕೆ ಎರಡು ಸಲ ನೀರು. ಬಿಸಿಲಲ್ಲಿ ನಿಲ್ಲಿಸಕೂಡದು. ಪರಕೀಯರು ಹಣೆ ಮುಟ್ಟಕೂಡದು.’ ಸರಕಾರದ ಕುದುರೆ ಪಾಗಾದಲ್ಲಿ ಕೂಡ ಇಂಥ ಚೀಟಿ ಇರಲಾರದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಆದರೆ ಗಂಡ ಹೆಂಡತಿ ಇಬ್ಬರೂ ಪ್ರಶ್ನೆ ಕೇಳತೊಡಗಿದರು. ನಾನೋ, ಉತ್ತರ ಕೊಡತೊಡಗಿದೆ.

“ಮಡಿವಾಳಪ್ಪ, ಆ ಕುದರಿ ಮುಟ್ಟಿದ ಅರಿಬ್ಯಾಗ ಈ ಕುದರಿ ಮುಟ್ಟಿದ್ರ ನಡಿತೈತೇನು?” ಎಂದರು ಈರವ್ವನವರು. ಬುದ್ಧಿಯಿದ್ದವನು ‘ನಡಿತೈತ್ರಿ’ ಎಂದು ಮನೆಗೆ ಹೋಗುತ್ತಿದ್ದ.

“ಅಗದೀ ನಡಿಯಂಗಿಲ್ರಿ ಯವ್ವಾ! ನಡುವ ಜಳಕಾ ಆಗಬೇಕು, ಧೋತರಾ ಬದಲಿ ಆಗಬೇಕು.”

“ಒಂದ ಹೊಲದ ಹುಲ್ಲು?” ಎಂದರು ಸಾವಕಾರರು.

“ಶಿವಶಿವಾ!”

“ಒಂದ ಗಡಿಗ್ಯಾಗ ಕುದಿಸಿದ ಹುರಳಿ?”

“ಸಾವ್ಕಾರ್ರ, ಆ ಮಾತು ಬಾಯಾಗ ಸುದ್ದಾ ತರಬ್ಯಾಡ್ರಿ!”

ಪ್ರತಿ ಉತ್ತರಕ್ಕೂ ಅವರ ಕಣ್ಣಿನಲ್ಲಿ ನನ್ನ ಎತ್ತರ ಒಂದೊಂದು ಗೇಣು ಬೆಳೆಯಿತು. ನನ್ನ ಸೈಕಲ್ಲಿನ ದಾರಿ ಒಂದೊಂದು ಮೈಲಿ ಬೆಳೆಯಿತು. ಬೆಳಗಾದರೆ ಉಣಕಲ್ಲು. ಅಲ್ಲಿ ಹುರಳಿ ಕುದಿಸಿ, ಕೆಂಚ್ಯಾನ ಮೈ ತಿಕ್ಕಿ, ಜೂಲಿಗೆ ಎಣ್ಣೆ ಹಚ್ಚಿ ಬಾಚಿ, ಕೆರೆಯಲ್ಲಿ ಮುಳುಗೆದ್ದು, ಧೋತರ ಬದಲಿಸಿ ಹುಬ್ಬಳ್ಳಿಗೆ ಬರಬೇಕು. ಅಂಗಡಿಯಲ್ಲಿ ಎರಡಕ್ಷರ ಬರೆದು ಸುಳ್ಳದ ದಾರಿ ಹಿಡಿಯಬೇಕು. ಬೇರೆ ಗಡಿಗೆ, ಬೇರೆ ಬಾಚಣಿಗೆ. ಮತ್ತೆ ಬಾವಿಯ ದಂಡೆಯಲ್ಲಿ ಜಳಕ. ಐವತ್ತು ದಿನದಲ್ಲಿ ನಾನು ಮಾಡಿದಷ್ಟು ಜಳಕವನ್ನು ಕಾಶಿಯಲ್ಲಿರುವವರು ಎರಡು ಜನ್ಮದಲ್ಲಿ ಮಾಡಿರಲಾರರು. ತುಳಿದ ದಾರಿಯನ್ನು ನೆಟ್ಟಗೆ ಹಾಸಿದ್ದರೆ ಯುದ್ಧ ನಡೆಯುವ ಊರಿಗೇ ಮುಟ್ಟಿ, ಎರಡೂ ಕಡೆಯವರಿಗೆ ನಾಲ್ಕು ಬುದ್ಧಿ ಮಾತು ಹೇಳಿ ಬರಬಹುದಿತ್ತು.

ಇಷ್ಟು ಮಾಡಿದರೂ ಕುದುರೆಗಳು ತಿನ್ನಲೊಲ್ಲವು.

“ಇದಕ್ಕ ಏನಾಗೇತಿ ಬಾಬಾ? ಹುರಳಿ ಮೂಸಿ ನೋಡಿ ಮಾರಿ ತಿರಗಸ್ತೈತಿ. ದಿನಾ ಮೂಡಲಕ ನೋಡಕೋತ ನಿಂದರತೈತಿ,” ಎಂದಳು ರೆಹಮತ್‌ಬಿ.

“ಪಡುವಲಕ ಮಾರಿ ಮಾಡಿ ನಿಂತೈತ್ರಿ. ಊರಾಗಿನ ಮಂದಿ ಇದು ನಮಾಜ ಮಾಡತೈತೇನು ಅಂತ ಕೇಳಾಕತ್ತಾರ,” ಎಂದ ಸುಳ್ಳದ ಚನ್ನಯ್ಯ.

ನಮ್ಮ ಮನೆಯಲ್ಲಿ ಪಂಚಮಿಗೆಂದು ಆಗಲೇ ಉಂಡಿ ಕಟ್ಟುವ ಕೆಲಸ ನಡೆದಿತ್ತು. ದಿನಾ ನಾಲ್ಕು ಶೇಂಗಾ ಉಂಡಿ ಕದ್ದು ಒಯ್ದು ಎರಡೆರಡು ತಿನಿಸಿದೆ. ಅಷ್ಟನ್ನು ತಿಂದು ಮತ್ತೆ ಅದೇ ದಿಕ್ಕು ನೋಡುತ್ತ ನಿಂತವು. ಪಕ್ಕೆಲುಬು ಎಣಿಸುವ ಹಾಗಾದವು. ಕೊನೆಗೆ ದಸ್ತಗೀರಸಾಬನ ಕುಲುಮೆಗೇ ಹೋದೆ.

“ಕಾಕಾ, ಕುದರಿ ತಿನ್ನವಲ್ವು.”

“ಹೆಂಗ ತಿಂದಾವು? ಮರಿ ಇದ್ದಾಗಿಂದ ಒಂದ ಗ್ವಾದಲ್ಯಾಗ ಮೂತಿ ಇಟ್ಟ ಬೆಳದಾವು. ಒಂದಕ್ಕೊಂದು ಕಾಣದ ತಿನ್ನಂಗಿಲ್ಲ. ಹಿಂಗ ಇಟ್ರ ಪಂಚಮಿ ದಿನಾ ಸಾರೋಟ ನೀವ ಎಳೀಬೇಕಾಕ್ಕೈತಿ.”

“ಹಂಗಾದ್ರ ದೋಷ ಇಲ್ಲಂತ ಸಾವ್ಕಾರ್ರಿಗೆ ನೀವೊಂದ ಮಾತು ಹೇಳ್ರೆಲಾ.”

“ನಾ ಕಾಲ ಹಿಡಿಯಾಂವಪಾ,” ಎಂದು ದಸ್ತಗೀರಸಾಬ ತಿದಿ ಒತ್ತತೊಡಗಿದ. “ಹಣೀ ಸುದ್ದಿ ನನಗ್ಯಾಕ?”

ಈಗ ನನ್ನ ತಲೆಯ ವಿಷಯ ಹೇಳಬೇಕು. ನನ್ನ ತಲೆಯಲ್ಲಿ ಬುದ್ಧಿ ಎಷ್ಟಿದೆಯೆಂದು ಊರಿಗೆಲ್ಲ ಗೊತ್ತು. ಸುಳಿ ಎಷ್ಟಿವೆಯೆಂದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಎರಡು. ತಲೆಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ನಮ್ಮ ಕಡೆ ತೊಟ್ಟಿಲ ಕೂಸನ್ನು ನೋಡಿಯೇ ಹೇಳಿಬಿಡುತ್ತಾರೆ. ಅದಕ್ಕೆಂದೇ ಹೆಣ್ಣು ನೋಡಲು ಹೋದಾಗ ನೆಗಡಿಯ ನೆಪ ಹೇಳಿ ರುಮಾಲು ತೆಗೆದಿರಲಿಲ್ಲ. ಮದುವೆಯಾಗಿ ತಿಂಗಳೊಳಗೆ ಎಣ್ಣೆ ಹಚ್ಚುವಾಗ ಚನ್ನಬಸವ್ವನ ಬೆರಳು ಅಲ್ಲಿ ನಿಂತಿತು. ಅಂದಿನಿಂದ ಹನ್ನೆರಡು ವರ್ಷ, ಅವಳ ಒಂದು ಕಣ್ಣು ಒಲೆಯ ಮೇಲಿದ್ದರೆ ಇನ್ನೊಂದು ನನ್ನ ಮೇಲೆ.

ಆ ದಿನ ಊಟಕ್ಕೆ ಕೂತಾಗ ಅವಳು ನನ್ನ ಕೋಟು ತಂದು ಮುಂದಿಟ್ಟಳು.

“ರೀ, ಈ ಕೂದಲಾ ಯಾರ್ದು?”

ಬೆರಳಲ್ಲಿ ಹಿಡಿದದ್ದು ಮೊಳದುದ್ದದ ಕೆಂಚು ಕೂದಲು.

“ಅದಾ? ಗೋಣಿಚೀಲದ ನಾರು.”

“ಮತ್ತ ಈ ಕರೀದು?”

“ಅದು... ಬ್ಯಾರೆ ಗೋಣಿಚೀಲದ್ದು.”

“ಗೋಣಿಚೀಲಕ್ಕ ಕೊಬ್ಬರಿ ಎಣ್ಣಿ ಹಚ್ಚಿ ಬಾಚತಾರೇನು ನಿಮ್ಮ ಅಂಗಡ್ಯಾಗ?”

ನಾನು ಇನ್ನೊಂದು ರೊಟ್ಟಿಗೆ ಕೈ ಚಾಚಿದೆ. ಅಷ್ಟರಲ್ಲಿ ಪಕ್ಕದ ಮನೆಯ ತಾಜಬಿ ಬೆಂಕಿ ಕೇಳಲು ಬಂದಳು. ಅವಳ ಗಂಡ ಧಾರವಾಡದ ರಸ್ತೆಯಲ್ಲಿ ಟಾಂಗಾ ಓಡಿಸುವವ. ಈಗಾಗಲೇ ಹೊತ್ತಿದ್ದಲ್ಲಿ ಇನ್ನಷ್ಟು ಹೊತ್ತಿಸಿದಳು.

“ಅಕ್ಕಾ, ನಿಮ್ಮ ಯಜಮಾನ್ರು ಯಾವ ದೇವರಿಗೆ ನಡಕೊಂಡಾರ? ದಿನಾ ಉಣಕಲ್ ಕೆರ್ಯಾಗ ಜಳಕಾ ಮಾಡಿ, ಹೊಸಾ ಧೋತರಾ ಉಟಗೊಂಡು ಹೊಂಟಿರತಾರಂತ. ನಮ್ಮವರು ನೋಡ್ಯಾರ.”

“ದೇವರಲ್ಲವಾ, ದೇವಿ ಇರಬೇಕು,” ಎಂದಳು ಚನ್ನಬಸವ್ವ. “ಒಂದ ಕೆಂಪಂದು, ಒಂದ ಕರೀದು. ಎರಡ ಗುಡಿ ಅದಾವಂತ ಕಾಣಸ್ತೈತಿ. ಅಲ್ರಿ, ಡಬ್ಬ್ಯಾಗಿನ ಉಂಡಿ ಯಾವ ದೇವಿ ಉಡ್ಯಾಗ ಬಿದ್ದಾವು?”

ಸಾವಕಾರರಿಗೆ ಕೊಟ್ಟ ಮಾತು! ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಅರ್ಧ ಊಟಕ್ಕೆ ಎದ್ದು ಕೈ ತೊಳೆದೆ.

ಪಂಚಮಿಗೆ ಎರಡೇ ದಿನ ಉಳಿಯಿತು. ಈರವ್ವನವರು ಸಾರೋಟಿಗೆ ಹೊಸ ಗಾದಿ ಹೊಲಿಸಿದ್ದರು, ಸಾವಕಾರರು ನನ್ನನ್ನು ಕಂಡಾಗಲೆಲ್ಲ “ವ್ಯಾಳ್ಯಾ ಬಂತೇನು?” ಎನ್ನುತ್ತಿದ್ದರು. ನಾನು ಆಕಾಶ ನೋಡುತ್ತಿದ್ದೆ. ಆ ದಿನ ಕರ್ಯಾನಿಗೆ ಹೊಸ ಲಾಳ ಬಡಿಸಬೇಕೆಂದು ಸುಳ್ಳದಿಂದ ಹಗ್ಗ ಹಿಡಿದು ದಸ್ತಗೀರಸಾಬನ ಕುಲುಮೆಗೆ ಕರೆತರುತ್ತಿದ್ದೆ. ಕೆಂಚ್ಯಾನ ಸರದಿ ಮರುದಿನ. ಕುಲುಮೆ ಇದ್ದದ್ದು ಸಾವಕಾರರ ಮನೆಯ ಎದುರಿಗೇ.

ಅದೇ ಹೊತ್ತಿಗೆ ಚನ್ನಬಸವ್ವ ತಾಜಬಿಯ ಗಂಡನ ಟಾಂಗಾ ಏರಿ ಉಣಕಲ್ಲಿಗೆ ಹೋಗಿದ್ದಳು. ಅಲ್ಲಿ ನಡೆದದ್ದನ್ನು ನನ್ನ ಕಣ್ಣಾರೆ ನೋಡಿದಷ್ಟೇ ಖರೆಯಾಗಿ ಹೇಳುತ್ತೇನೆ. ರೆಹಮತ್‌ಬಿ ನನಗೆ ಮೂರು ಸಲ ಹೇಳಿದ್ದಾಳೆ.

“ಎಲ್ಲದಾಳ ಆಕಿ?” ಎಂದು ಚನ್ನಬಸವ್ವ ಸೆರಗು ಸೊಂಟಕ್ಕೆ ಕಟ್ಟಿ ಕೇಳಿದಳಂತೆ.

“ಯಾರವಾ? ಈ ಮನ್ಯಾಗ ನಾ ಒಬ್ಬಾಕಿ, ಒಳಗ ಆ ಕುದರಿ ಒಂದು.”

ಚನ್ನಬಸವ್ವ ಒಳಗೆ ನುಗ್ಗಿದಳು. ಕೆಂಚ್ಯಾ ಅವಳ ಸೆರಗು ಮೂಸಿದ. ಸೆರಗಿನ ತುಂಬ ಉಂಡಿಯ ವಾಸನೆ. ಗೋಡೆಯ ಮೇಲೆ ನನ್ನ ಕೈಬರಹ. ಗೂಟದ ಮೇಲೆ ನನ್ನ ಧೋತರ. ಕುದುರೆಯ ಮೈಮೇಲೆ ಎಲುಬು. ಮುದುಕಿ ಗೊತ್ತಿದ್ದಷ್ಟನ್ನು ಹೇಳಿದಳು. ಕುದುರೆಗೆಂದು ಹೆಂಡತಿಯ ಹತ್ತಿರ ಸುಳ್ಳು ಹೇಳಿದ ಗಂಡನನ್ನು ಚನ್ನಬಸವ್ವ ಕ್ಷಮಿಸುತ್ತಿದ್ದಳೋ ಏನೋ. ಆದರೆ ತಾನು ಕಟ್ಟಿದ ಉಂಡಿ ತಿಂದೂ ಇಷ್ಟು ಬಡಕಲಾಗಿ ನಿಂತ ಪ್ರಾಣಿಯನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹಗ್ಗ ಬಿಚ್ಚಿದಳು.

“ಯವ್ವಾ, ಎಲ್ಲಿಗೆ ಒಯ್ಯಾಕತ್ತಿ?”

“ಮನಿಗೆ. ಇದರ ಹೆಸರಿಲೆ ನನಗ ಹೊಟ್ಟಿ ಕಿಚ್ಚ ಹಚ್ಯಾರ. ಸವತಿ ಅನ್ರಿ, ಕುದರಿ ಅನ್ರಿ, ಇನ್ನ ನನ್ನ ಕಣ್ಣ ಮುಂದ ಇರ್ಲಿ!”

ಹೀಗೆ ಪಡುವಲಿನಿಂದ ಕೆಂಚ್ಯಾನ ಜೊತೆ ನನ್ನ ಹೆಂಡತಿ, ಮೂಡಲಿನಿಂದ ಕರ್ಯಾನ ಜೊತೆ ನಾನು, ಸರಿಯಾಗಿ ಸಾವಕಾರರ ಬಾಗಿಲಿನ ಮುಂದೆ ಎದುರುಬದುರಾದೆವು. ಕರ್ಯಾ ಕೂಗಿದ ಕೂಗಿಗೆ ಹುಬ್ಬಳ್ಳಿಯ ಗಿರಣಿಗಳು ಪಾಳಿ ಮುಗಿದ ಸೀಟಿಯೆಂದು ತಿಳಿದು ನಿಂತವು. ಹಗ್ಗ ನನ್ನ ಕೈಗೆ ಸುತ್ತಿಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಬೀಳುತ್ತಿದ್ದರು, ನಾನು ಹಾರಿದೆ. ಎರಡೂ ಕುದುರೆ ಕೂಡಿಯೇ ಸಾವಕಾರರ ಅಂಗಳಕ್ಕೆ ನುಗ್ಗಿದವು. ಛಪ್ಪರದ ಕೆಳಗೆ ಈರವ್ವನವರು ಪಂಚಮಿಯ ಜೋಳದ ಅಳ್ಳು ಹುರಿದು ಚಾಪೆಯ ಮೇಲೆ ಹರವಿದ್ದರು. ಕೆಂಚ್ಯಾ ಆ ಕಡೆಯಿಂದ, ಕರ್ಯಾ ಈ ಕಡೆಯಿಂದ, ಹಣೆಗೆ ಹಣೆ ಹಚ್ಚಿ ತಿನ್ನತೊಡಗಿದವು. ಐವತ್ತು ದಿನದ ಹಸಿವು! ನಡುವೆ ಹಗ್ಗದಲ್ಲಿ ಸಿಕ್ಕು ಅಳ್ಳಿನ ರಾಶಿಯಲ್ಲಿ ಅಂಗಾತ ಬಿದ್ದವನು ನಾನು.

ಛಪ್ಪರದ ಕೆಳಗೆ ಮೋಟಾರು ಇತ್ತು. ಸಂಜೆಯ ಹೊತ್ತು. ಮೋಟಾರಿನೊಳಗೆ ಸಾವಕಾರರಿದ್ದರು.

ಕಿಟಕಿಯಿಂದ ಅವರ ಮುಖ ಕಂಡಿತು. ಬಲಕ್ಕೆ ಸುಳಿ, ಎಡಕ್ಕೆ ಸುಳಿ, ಮೇಲೆ ಒಂದೇ ಸೂರು. ಅವರು ಓಡಲಿಲ್ಲ, ಕೂಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು, ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿದರು.

“ಮಡಿವಾಳಪ್ಪ,” ಎಂದರು ಮೆಲ್ಲಗೆ, “ಎಷ್ಟ ಹೊತ್ತಿಗೆ?”

ನನ್ನ ಬಾಯಿಯ ತುಂಬ ಅಳ್ಳು.

ಓಣಿಯೇ ಬಂದು ನೆರೆಯಿತು. ಈರವ್ವನವರು ಮೋಟಾರಿನ ಬಾಗಿಲಿಗೆ ಬಿದ್ದು, “ನನ್ನ ಹಟದಿಂದ ಹಿಂಗಾತಲ್ರೀ, ಜೋಡಿ ಕುದರಿ ನಾನ ಕೇಳಿದ್ನೆಲ್ರೀ,” ಎಂದು ಅಳತೊಡಗಿದರು. ಮಂದಿ ಉಸಿರು ಹಿಡಿದು ಕಾದರು. ಕುದುರೆಗಳು ಅಳ್ಳು ಮುಗಿಸಿ ಚಾಪೆಯನ್ನು ರುಚಿ ನೋಡತೊಡಗಿದವು. ಸಾವಕಾರರು ಒಂದು ಕಣ್ಣು ತೆರೆದರು. ನಾಡಿ ಹಿಡಿದು ನೋಡಿಕೊಂಡರು. ಇನ್ನೊಂದು ಕಣ್ಣು ತೆರೆದರು.

“ನನಗೇನೂ ಆಗಲಿಲ್ಲಲ್ಲೋ!” ಎಂದರು. ಅವರ ದನಿಯಲ್ಲಿ ಸಂತೋಷಕ್ಕಿಂತ ಮೋಸಹೋದವನ ಸಿಟ್ಟೇ ಹೆಚ್ಚಾಗಿತ್ತು. ಬಾಗಿಲು ಬಡಿದು ಕೆಳಗಿಳಿದರು. “ಐವತ್ತ ದಿನಾ ನನ್ನ ಜೋಡಿ ಮುರದು ಎರಡೂರಾಗ ಕಟ್ಟಿಸಿದಿ! ಏನೈತಿ ನಿನ್ನ ಸುಳಿ? ಹೇಳ್ತೀಯೋ, ಕೋಟ ಗೂಟದಿಂದ ತಗಿಸ್ಲೋ?”

“ಅದನ್ನೇನ ಕೇಳತೀರಿ ಸಾವ್ಕಾರ್ರ!” ಎಂದು ಚನ್ನಬಸವ್ವ ಮಂದಿಯನ್ನು ಸರಿಸಿ ಮುಂದೆ ಬಂದಳು. “ಕುದರಿ ಹಣೀಸುಳಿಗೆ ಫಲಾ ಹೇಳೂ ಶಾಣ್ಯಾ, ಮದಲ ತಮ್ಮ ತಲೀದು ಹೇಳಲಿ!” ಎಂದವಳೇ ನನ್ನ ರುಮಾಲು ಎಳೆದುಬಿಟ್ಟಳು. “ನೋಡ್ರಿ, ಎರಡ ಅದಾವು! ಎರಡ ಸುಳಿಗೆ ಎರಡ ಮದುವಿ ಅಂತಾರ. ಹನ್ನೆರಡ ವರ್ಷಾತು, ಇವರ ಕೈಲೆ ಒಂದನ್ನ ಸಂಭಾಳಸೂದು ಆಗವಲ್ದು!”

ಇಡೀ ಓಣಿ ನಕ್ಕಿತು. ನಗದೆ ನಿಂತವನು ದಸ್ತಗೀರಸಾಬ ಒಬ್ಬನೇ. ಸುತ್ತಿಗೆ ಕಂಕುಳಲ್ಲಿ ಇಟ್ಟುಕೊಂಡು ಬಂದು, ನನ್ನ ತಲೆಯನ್ನು ಕುದುರೆಯ ಕಾಲು ಹಿಡಿದ ಹಾಗೆ ಹಿಡಿದು, ಆ ಕಡೆ ಈ ಕಡೆ ಹೊರಳಿಸಿ ನೋಡಿದ.

“ಯಾ ಅಲ್ಲಾ! ಒಂದು ಬಲಕ್ಕ ತಿರಗೇತಿ, ಒಂದು ಎಡಕ್ಕ. ಸಾವ್ಕಾರ್ರ, ಮಡಿವಾಳಪ್ಪಾರು ಹೇಳಿದ್ದು ಖರೇನ ಐತಿ. ದೋಷ ಇತ್ತು. ಆದ್ರ ತಟ್ಟಲಿಲ್ಲ. ಯಾಕ ತಟ್ಟಲಿಲ್ಲ? ಎರಡೂ ಸುಳಿ ಒಂದ ತಲೀಮ್ಯಾಲ ಹೊತ್ತಾಂವ ಎರಡರ ನಡುವ ಬಿದ್ದಿದ್ದ. ಕೆಂಚ್ಯಾಂದು ಕರ್ಯಾಂದು ಎರಡೂ ಈ ತಲ್ಯಾಗ ಕಟ್ಟಬಿತ್ತು.”

ಸಾವಕಾರರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. “ಅಂದ್ರ ಪರಿಹಾರ...?”

“ಪರಿಹಾರ ನಿಮ್ಮ ಅಂಗಡ್ಯಾಗ ಲೆಕ್ಕಣಿಕಿ ಹಿಡಕೊಂಡ ಕುಂತೈತ್ರಿ. ಜೋಡಿ ಕಟ್ಟಿದಾಗೆಲ್ಲಾ ನಡುವ ಈ ತಲಿ ಇರಬೇಕು. ರುಮಾಲಾ ಇರಬಾರ್ದು.”

“ಕಾಕಾ!” ಎಂದೆ, “ಇಂಥಾ ಶಾಸ್ತ್ರಾ ನಾ ಎಲ್ಲೂ ಕೇಳಿಲ್ಲ!”

“ನೀವು ಕೇಳಿದ್ದು ಹಣೀದು,” ಎಂದ ದಸ್ತಗೀರಸಾಬ. “ನಾ ಹೇಳೂದು ತಲೀದು.” ಆಗ, ಐವತ್ತು ದಿನ ಗಡ್ಡದೊಳಗೆ ಇಟ್ಟುಕೊಂಡಿದ್ದ ನಗೆಯನ್ನು ಹೊರಗೆ ತೆಗೆದ.

ಅಲ್ಲವೆಂದರೆ ಕೆಲಸ ಹೋಗುತ್ತದೆ. ಹೌದೆಂದರೆ ತಲೆ ಹೋಗುತ್ತದೆ. ನಾನು ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಆಕಾಶ ನೋಡಿ, “ವ್ಯಾಳ್ಯಾ ಬಂತ್ರಿ ಸಾವ್ಕಾರ್ರ,” ಅಂದೆ.

ಪಂಚಮಿಯ ಮುನ್ನಾದಿನ ಧಾರವಾಡಕ್ಕೆ ಹೊರಟಿತು ಸವಾರಿ. ಸುಳಿ ನಿಚ್ಚಳವಾಗಿ ಕಾಣಲೆಂದು ಬೆಳಿಗ್ಗೆಯೇ ಹಡಪದ ಬಂದು ನನ್ನ ಕೂದಲನ್ನು ಬೆರಳಿಗೆ ಸಿಗದಷ್ಟು ಕತ್ತರಿಸಿದ್ದ. ಸಾರೋಟಿನ ಮುಂದೆ ಎರಡು ಕುದುರೆಗಳ ನಡುವೆ ಚಾಚುವ ಉದ್ದನೆಯ ಮೂಕಿಯ ಮೇಲೆ ಒಂದು ಹಲಗೆ ಬಡಿದು, ಅದರ ಮೇಲೆ ಅರಳೆ ತುಂಬಿದ ಚೀಲ ಕಟ್ಟಿದರು. ಅದು ನನ್ನ ಗಾದಿ. ಬಲಗಡೆ ಕೆಂಚ್ಯಾನ ಉಸಿರು, ಎಡಗಡೆ ಕರ್ಯಾನ ಬಾಲ. ಮೇಲಿನಿಂದ ಶ್ರಾವಣದ ಜಿಟಿಜಿಟಿ ಮಳೆ ಎರಡು ಸುಳಿಯಲ್ಲಿಯೂ ಸರಿಸಮನಾಗಿ ತಿರುಗಿ ಇಳಿಯುತ್ತಿತ್ತು. ಹಿಂದೆ ಹೊಸ ಗಾದಿಯ ಮೇಲೆ ಸಾವಕಾರರು, ಈರವ್ವನವರು, ಮತ್ತು ಅವರಿಬ್ಬರ ನಡುವೆ, ಈರವ್ವನವರೇ ಒತ್ತಾಯ ಮಾಡಿ ಕೂಡಿಸಿಕೊಂಡದ್ದಕ್ಕೆ, ನನ್ನ ಹೆಂಡತಿ.

ಉಣಕಲ್ಲಿನಲ್ಲಿ ರೆಹಮತ್‌ಬಿ ಬಾಗಿಲಿಗೆ ಬಂದು ನಿಂತಳು. “ಮೂರೂ ಚಂದ ಕಾಣಸ್ತಾವು ಬಾಬಾ!” ಎಂದು ಲಟಿಕೆ ಮುರಿದು ದೃಷ್ಟಿ ತೆಗೆದಳು. ದಾರಿಯುದ್ದಕ್ಕೂ ಮಂದಿ ಹೊಲ ಬಿಟ್ಟು ಬಂದು ನೋಡಿದರು. ದೊಡ್ಡ ಸಾಹೇಬನ ಸವಾರಿಗೂ ಅಷ್ಟು ಜನ ಕೂಡಿದ್ದನ್ನು ನಾನು ಕಂಡಿಲ್ಲ.

ಧಾರವಾಡದ ಬೀಗರು ಬಾಗಿಲಿಗೆ ಬಂದರು. ಅವರ ಹಿಂದೆ ಮುತ್ತವ್ವ ತಾಯಿಯನ್ನು ಕಂಡು ಓಡಿ ಬಂದಳು. ಈರವ್ವನವರು ಹನ್ನೆರಡು ಮೈಲಿ ಬಿಗಿಹಿಡಿದಿದ್ದ ಕುತ್ತಿಗೆಯನ್ನು ಆಗ ಸಡಿಲಿಸಿದರು. ಬೀಗರು ಸಾರೋಟನ್ನು ಸುತ್ತು ಹಾಕಿ ನೋಡಿ, ನನ್ನ ಮುಂದೆ ಬಂದು ನಿಂತರು.

“ಬೀಗರ, ಜೋಡಿ ಅಂತ ಬರದಿದ್ರಿ. ಇಲ್ಲೆ ಮೂರ ಅದಾವಲ್ಲ?”

ಸಾವಕಾರರು ಅವರ ಕಿವಿಯಲ್ಲಿ ಎಲ್ಲವನ್ನೂ ಹೇಳಿದರು. ಪರಿಹಾರ ಸಿಕ್ಕ ಮೇಲೆ ಗುಟ್ಟೇಕೆ? ಕೇಳುತ್ತ ಕೇಳುತ್ತ ಬೀಗರ ಮುಖದ ನಗೆ ಮಾಯವಾಯಿತು. ನನ್ನನ್ನು ತಾವೇ ಕೈ ಹಿಡಿದು ಮೂಕಿಯಿಂದ ಇಳಿಸಿ, ತಮ್ಮ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕೂಡಿಸಿದರು. ಅಲ್ಲಿ ಅವರ ಜೋಡಿ ನಿಂತಿತ್ತು: ಎರಡೂ ಬಿಳಿ, ಮೈ ಬೆಣ್ಣೆಯ ಹಾಗೆ.

“ನಮ್ಮವು ಹತ್ತ ವರ್ಷದಿಂದ ಒಂದ ಸೂರಿನ ಕೆಳಗ ಅದಾವ್ರಿ ಮಡಿವಾಳಪ್ಪಾರ,” ಎಂದರು ಬೀಗರು. “ಸ್ವಲ್ಪ ಹಣಿ ನೋಡ್ತೀರೇನು?”

ಅಷ್ಟರಲ್ಲಿ ಚಹಾ ಬಂತು. ಸಾವಕಾರರಿಗಲ್ಲ, ಬೀಗರಿಗಲ್ಲ, ಮೊದಲ ಕಪ್ಪು ನನಗೆ. ಬಿಸಿ ಬಿಸಿ, ಯಾಲಕ್ಕಿ ಹಾಕಿದ್ದು. ದೂರದಲ್ಲಿ ಚನ್ನಬಸವ್ವ ನನ್ನ ಕಡೆ ನೋಡಿ, ಬೇಡ ಬೇಡವೆಂದು ಕಣ್ಣು ಹಿಗ್ಗಿಸಿದಳು. ನಾನು ಒಂದು ಗುಟುಕು ಕುಡಿದೆ. ಎರಡೂ ಹಣೆ ನೋಡಿದೆ.

“ಕುದರಿ ಛಲೋ ಅದಾವ್ರಿ,” ಅಂದೆ. “ಆದ್ರ...”

ಈಗ ನಾನು ಸೋಮವಾರದಿಂದ ಬುಧವಾರದವರೆಗೆ ಹುಬ್ಬಳ್ಳಿಯಲ್ಲಿ, ಗುರುವಾರದಿಂದ ಶನಿವಾರದವರೆಗೆ ಧಾರವಾಡದಲ್ಲಿ ಇರುತ್ತೇನೆ. ನಾಲ್ಕೂ ಕುದುರೆಗಳು ತಮ್ಮ ತಮ್ಮ ಜೋಡಿಯ ಜೊತೆ ಒಂದೊಂದೇ ಸೂರಿನ ಕೆಳಗೆ ಹೊಟ್ಟೆ ತುಂಬ ತಿಂದು ಸುಖವಾಗಿವೆ. ಎರಡೂರಿಗೆ ಹಂಚಿಹೋದವನು ನಾನೊಬ್ಬನೇ. ಬೀಗರ ಮನೆಯಲ್ಲಿ ನನಗೆ ಕೊಟ್ಟ ಕೋಣೆಯ ಗೋಡೆಗೆ ಚನ್ನಬಸವ್ವ ಯಾರ ಕೈಯಲ್ಲೋ ಬರೆಸಿ ಕಳಿಸಿದ ಒಂದು ಚೀಟಿ ಅಂಟಿಸಿದ್ದಾರೆ:

‘ಹೊತ್ತಿಗೆ ಸರಿಯಾಗಿ ತಿನಿಸತಕ್ಕದ್ದು. ದಿನಕ್ಕೆ ಎರಡು ಸಲ ಚಹಾ. ಬಿಸಿಲಲ್ಲಿ ನಿಲ್ಲಿಸಕೂಡದು. ಪರಸ್ತ್ರೀಯರು ತಲೆ ಮುಟ್ಟಕೂಡದು.’